ಆಯುಧಪೂಜೆಗೆ ಅಳಿಸಿದ ಫೋಲ್ಡರು

ನನಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದೆ ಎಂದು ಮೊದಲು ಹೇಳಿದವರು ಯಾರೋ ನೆನಪಿಲ್ಲ, ಅದನ್ನು ಪೂರ್ತಿ ನಂಬಿದವಳು ನಾನೊಬ್ಬಳೇ. ಹುಣಸೂರಿನ ಅಂಚಿನಲ್ಲಿರುವ ಒಂದು ಸಣ್ಣ ದತ್ತಿ ಆಸ್ಪತ್ರೆಯಲ್ಲಿ ಆರು ವರ್ಷದಿಂದ ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನ್ನದು. ಪಿರಿಯಾಪಟ್ಟಣದಿಂದ ದಿನಾ ಸ್ಕೂಟರಿನಲ್ಲಿ ಬಂದು ಹೋಗುತ್ತೇನೆ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಬಿಡಿಸುವುದು, ನಿಂತುಹೋದ ಮಿಷನ್ನನ್ನು ಆಫ್ ಮಾಡಿ ಆನ್ ಮಾಡುವುದು, ಇಷ್ಟು ವಿದ್ಯೆಗೇ ಅಲ್ಲಿ ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಾರೆ. ಆ ಮೇಡಂ ನನ್ನ ತಲೆಗೇರಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮಲ್ಲಿ ಫಿಟ್ಸ್ ಇರುವವರಿಗೆ ತಿಂಗಳಿಗೆ ಎರಡು ಸಲ ಗುಳಿಗೆ ಕೊಡುತ್ತಾರೆ. ಮೈಸೂರಿನಿಂದ ಒಬ್ಬ ಡಾಕ್ಟರು ಬಂದು ನೋಡುತ್ತಾರೆ. ಕೆ.ಆರ್. ನಗರದ ಕಡೆಯಿಂದ, ಎಚ್.ಡಿ. ಕೋಟೆಯ ಕಾಡಂಚಿನಿಂದ, ಹಾರನಹಳ್ಳಿಯಿಂದ, ಬೆಳಗಿನ ಮೊದಲ ಬಸ್ಸಿಗೇ ಜನ ಬಂದು ಕೂತಿರುತ್ತಾರೆ. ಮೊದಲು ಪ್ರತಿಯೊಬ್ಬರ ಕೈಯಲ್ಲೂ ಒಂದು ಕಾರ್ಡು ಇರುತ್ತಿತ್ತು. ಅದು ಮಳೆಗೆ ನೆನೆದು, ಎಲೆಅಡಿಕೆ ಚೀಲದಲ್ಲಿ ಮುದುರಿ, ಅಕ್ಷರವೇ ಕಾಣದಂತಾಗುತ್ತಿತ್ತು. ಯಾರಿಗೆ ಯಾವ ಗುಳಿಗೆ, ಎಷ್ಟು ಎನ್ನುವುದೆಲ್ಲ ಕಂಪ್ಯೂಟರಿನಲ್ಲಿ ಇದೆಯಲ್ಲ, ಕಾರ್ಡು ಯಾಕೆ ಎಂದು ಹಟ ಹಿಡಿದು ಅದನ್ನು ನಿಲ್ಲಿಸಿದವಳು ನಾನು.

ಡಾಕ್ಟರು ಗುಳಿಗೆ ಬದಲಿಸಿದರೆ ಒಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಔಷಧಿ ಕೊಡುವವರು ಅದನ್ನು ನೋಡಿ ಗುಳಿಗೆ ಕೊಟ್ಟು, ಚೀಟಿಯನ್ನು ಕಿಟಕಿಯ ಪಕ್ಕದ ತಂತಿಗೆ ಚುಚ್ಚಿಡುತ್ತಿದ್ದರು. ಅವರು ಮಿರ್ಲೆ ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ಬೆಳಿಗ್ಗೆ ಹಣೆಗಿಟ್ಟ ವಿಭೂತಿ ಸಂಜೆಯವರೆಗೂ ಅಳಿಸುತ್ತಿರಲಿಲ್ಲ. ಆ ಚೀಟಿಗಳನ್ನು ಅಂದಂದೇ ಕಂಪ್ಯೂಟರಿಗೆ ಹತ್ತಿಸಬೇಕಾದವಳು ನಾನು. ಅಂದಂದೇ ಎನ್ನುವುದು ನನ್ನ ಬಾಯಲ್ಲಿ ಮಾತ್ರ ಇತ್ತು.

ಆ ವರ್ಷ ಆಯುಧಪೂಜೆಯ ದಿನ ಮಧ್ಯಾಹ್ನ ಹಿಂದಿನ ಸಲದ ಹದಿನಾಲ್ಕು ಚೀಟಿಗಳನ್ನು ಒಂದೇ ಉಸಿರಿಗೆ ಹತ್ತಿಸಿದೆ. ಹಬ್ಬದ ದಿನ ಹಳೆಯ ಕೆಲಸ ಬಾಕಿ ಇರಬಾರದು. ಆಮೇಲೆ ತೊಳೆಯುವ ಬಳಿಯುವ ಕೆಲಸ ಶುರುವಾಯಿತು. ಔಷಧಿಯವರು ತಕ್ಕಡಿ, ಕತ್ತರಿ, ಗುಳಿಗೆ ಎಣಿಸುವ ತಟ್ಟೆ ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟರು. ನಾನು ಕೀಬೋರ್ಡಿನ ಸಂದಿಯ ದೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ತಂತಿಯಲ್ಲಿದ್ದ ಚೀಟಿಗಳನ್ನು ಕಿತ್ತು ಹಿತ್ತಲಿನ ಕಸದ ಜೊತೆ ಬೆಂಕಿಗೆ ಹಾಕಿದೆ. ಮಿಷನ್ನಿನ ಮೈ ಮೇಲಿನ ದೂಳು ಹೋಯಿತು, ಒಳಗಿನದು? ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಮಿಷನ್ನು ವಾರದಿಂದ ಬೈಯುತ್ತಿತ್ತು. ಒಳಗೂ ಗುಡಿಸೋಣ ಎಂದು ಕೂತೆ.

ಎಲ್ಲಕ್ಕಿಂತ ದಪ್ಪಗೆ ಕೂತಿದ್ದದ್ದು ಲಾಗ್ ಎಂಬ ಹೆಸರಿನ ಒಂದು ಫೋಲ್ಡರು. ಒಳಗೆ ಬರೀ ಉದ್ದುದ್ದ ಅಂಕಿಯ ಫೈಲುಗಳು. ತೆರೆದರೆ ಅರ್ಥವಾಗದ ಗೀಚು. ಹಳೆಯ ಕಸ ಎಂದುಕೊಂಡು ಅಳಿಸಿದೆ. ಕಸದ ಬುಟ್ಟಿಯಲ್ಲೂ ಉಳಿಯದಂತೆ ಅಳಿಸಿದೆ, ಹಬ್ಬದ ದಿನ ಅರ್ಧಂಬರ್ಧ ಗುಡಿಸುವುದು ನನಗಾಗದು. ಪರದೆ ನಿಂತುಹೋಯಿತು. ಹೊರಗೆ ಬೂದುಗುಂಬಳ ಒಡೆಯಲು ಕರೆಯುತ್ತಿದ್ದರು. ಪ್ಲಗ್ಗು ಎಳೆದು, ಮಿಷನ್ನಿಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕೈ ಮುಗಿದೆ. ಪೂಜೆ ಮಾಡಿದ ಆಯುಧವನ್ನು ವಿಜಯದಶಮಿ ಮುಗಿಯುವವರೆಗೆ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಎರಡು ರಾತ್ರಿ ಒಂದು ಹಗಲು ಅದು ಹೂವು ಮುಡಿದುಕೊಂಡು ಸುಮ್ಮನೆ ಕೂತಿತ್ತು.

ವಿಜಯದಶಮಿಯ ಮಾರನೆಯ ದಿನವೇ ಗುಳಿಗೆ ಕೊಡುವ ದಿನ. ದಸರಾ ರಜೆಗೆ ಮೈಸೂರಿನ ಡಾಕ್ಟರು ಊರಿಗೆ ಹೋಗಿದ್ದರು, ಆ ಸಲ ಗುಳಿಗೆ ಮಾತ್ರ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ವರಾಂಡದ ತುಂಬ ಜನ. ಬಾಡಿದ ಹೂವು ತೆಗೆದು ಸ್ವಿಚ್ಚು ಹಾಕಿದೆ. ಮಿಷನ್ನು ಎದ್ದಿತು, ನಮ್ಮ ಪಟ್ಟಿ ಏಳಲಿಲ್ಲ. ಡೇಟಾಬೇಸ್ ಶುರುವಾಗುತ್ತಿಲ್ಲ ಎಂಬ ಒಂದೇ ಸಾಲು ಇಂಗ್ಲಿಷಿನಲ್ಲಿ ಬಂತು. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ ಸಾಲು. ಮೂರನೆಯ ಸಲವೂ ಅದೇ. ಹಬ್ಬದ ದಿನ ಅಳಿಸಿದ ಫೋಲ್ಡರು ಕಣ್ಣ ಮುಂದೆ ಬಂದು ನಿಂತಿತು.

"ಏನ್ ತಾಯಿ, ಸುರು ಮಾಡಾನ?" ಔಷಧಿಯವರು ಕಿಟಕಿಯಿಂದ ಕೇಳಿದರು.

"ಒಂದೈದು ನಿಮಿಷ ಅಣ್ಣ, ಕರೆಂಟು ಹೋಗಿ ಬಂದು ಏನೋ ಆಗಿದೆ" ಎಂದೆ. ಮೊದಲ ಸುಳ್ಳು ಅಷ್ಟು ಸಲೀಸಾಗಿ ಬಂತು.

ಐದು ನಿಮಿಷದ ಮಾತಲ್ಲ ಎಂದು ನನಗೆ ಗೊತ್ತಿತ್ತು. ಫಿಟ್ಸಿನ ಗುಳಿಗೆ ಒಂದು ದಿನ ತಪ್ಪಿದರೂ ಒಲೆ ಮುಂದೆ, ಬಾವಿ ಕಟ್ಟೆ ಮೇಲೆ, ಎಲ್ಲಿ ಬೇಕಾದರೂ ಬೀಳುತ್ತಾರೆ. ಮನೆಯಲ್ಲಿದ್ದ ಗುಳಿಗೆ ಮುಗಿದ ಮೇಲೇ ಅವರೆಲ್ಲ ಬಂದಿರುವುದು, ನಾಳೆ ಬನ್ನಿ ಎನ್ನುವ ಹಾಗಿಲ್ಲ. ಮೈಸೂರಿನಿಂದ ನಮಗೆ ಈ ಸಾಫ್ಟ್‌ವೇರ್ ಹಾಕಿಕೊಟ್ಟವರಿಗೆ ಫೋನ್ ಮಾಡಿದೆ. ಅವರು ಅಲ್ಲಿಂದಲೇ ನಮ್ಮ ಮಿಷನ್ನಿನೊಳಗೆ ಬಂದರು. ಪರದೆಯ ಮೇಲಿನ ಬಾಣ ನಾನು ಮುಟ್ಟದೆಯೇ ಓಡಾಡುವುದನ್ನು ನೋಡುತ್ತ ಕೂತೆ. ಅದು ಒಂದೊಂದೇ ಫೋಲ್ಡರು ತೆರೆದು ನೋಡುತ್ತಿತ್ತು. 

"ಮೇಡಂ, ನೀವೇನಾದ್ರೂ ಡಿಲೀಟ್ ಮಾಡಿದ್ರಾ?"

"ಇಲ್ವಲ್ಲ ಸಾರ್. ನಾನ್ಯಾಕೆ ಡಿಲೀಟ್ ಮಾಡ್ಲಿ? ಕರೆಂಟು ಹೋಗಿತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಹೆಗಲೊಂದೇ ಅಲ್ಲ, ಮೈಯೆಲ್ಲ ಮುಟ್ಟಿಕೊಂಡಿದ್ದೆ. 

"ಕರೆಂಟು ಹೋದ್ರೆ ಫೋಲ್ಡರ್ ಖಾಲಿ ಆಗಲ್ಲ ಮೇಡಂ" ಎಂದರು ಆ ಕಡೆಯಿಂದ. ಮುಂದೆ ಕೆದಕಲಿಲ್ಲ. "ಸರಿ. ಮೊದ್ಲು ಇರೋದನ್ನೆಲ್ಲ ಹಂಗಂಗೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡ್ಕೊಳ್ಳೋಣ. ಅದಾಗೋವರೆಗೂ ನೀವು ಏನೂ ಮುಟ್ಬೇಡಿ."

ಕಾಪಿ ಆಗುತ್ತಿದ್ದಾಗ ಅವರು ನನಗೆ ವಿಷಯ ತಿಳಿಸಿ ಹೇಳಿದರು. ಅಂಗಡಿಯಲ್ಲಿ ಕಚ್ಚಾ ಪುಸ್ತಕ, ಪಕ್ಕಾ ಪುಸ್ತಕ ಅಂತ ಇಡುತ್ತಾರಲ್ಲ, ಇದೂ ಹಾಗೆಯೇ. ನಾವು ಬರೆದದ್ದು ಮೊದಲು ಕಚ್ಚಾ ಪುಸ್ತಕಕ್ಕೆ ಹೋಗುತ್ತದೆ, ಬಿಡುವಾದಾಗ ಅಲ್ಲಿಂದ ಪಕ್ಕಾ ಪುಸ್ತಕಕ್ಕೆ ಇಳಿಯುತ್ತದೆ. ಆ ಲಾಗ್ ಫೋಲ್ಡರೇ ಕಚ್ಚಾ ಪುಸ್ತಕ. ಅದಿಲ್ಲದೆ ಡೇಟಾಬೇಸಿಗೆ ತಾನು ಎಲ್ಲಿಯವರೆಗೆ ಬರೆದಿದ್ದೆ ಎಂದು ಗೊತ್ತಾಗುವುದಿಲ್ಲ, ಅದಕ್ಕೇ ಏಳುತ್ತಿಲ್ಲ. ಬ್ಯಾಕಪ್ ಇದೆಯಾ ಎಂದು ಕೇಳಿದರು. ಇತ್ತು, ಮೂರು ತಿಂಗಳ ಹಿಂದಿನದು. ಡಿಸ್ಕು ತುಂಬಿದ ಮೇಲೆ ಬ್ಯಾಕಪ್ಪೂ ನಿಂತಿತ್ತು, ನಾನು ನೋಡಿರಲಿಲ್ಲ.

ವರಾಂಡದಲ್ಲಿ ಮಕ್ಕಳು ಅಳುತ್ತಿದ್ದವು. ಯಾರಿಗೋ ತಲೆ ಸುತ್ತಿ ನೀರು ಕೊಟ್ಟರು. ಪ್ರತಿ ಸದ್ದಿಗೂ ಯಾರೋ ಬಿದ್ದರು ಎಂದು ಆ ಕಡೆ ತಿರುಗಿ ನೋಡುತ್ತಿದ್ದೆ. ಇವರಲ್ಲಿ ಯಾರಿಗಾದರೂ ಏನಾದರೂ ಆದರೆ ಅದು ನನ್ನ ಕೈಯಿಂದ ಆದದ್ದು ಎಂದು ನನಗೊಬ್ಬಳಿಗೇ ಗೊತ್ತಿರುತ್ತದೆ ಎನ್ನಿಸಿ ಕುರ್ಚಿಯಿಂದ ಏಳಲೂ ಭಯವಾಯಿತು.

ಕಾಪಿ ಮುಗಿದ ಮೇಲೆ ಅವರು ಏನೋ ಒಂದು ಸಾಲು ಬರೆದರು. ಖಾಲಿ ಕಚ್ಚಾ ಪುಸ್ತಕವನ್ನೇ ಹೊಸದೆಂದು ಒಪ್ಪಿಕೊಂಡು ಎದ್ದೇಳು ಎಂದು ಡೇಟಾಬೇಸಿಗೆ ಹೇಳುವ ಸಾಲಂತೆ. ಮೊದಲ ಸಲ ಎದ್ದು ಬಿತ್ತು. ಎರಡನೆಯ ಸಲ ನಿಂತಿತು. ಹೆಸರುಗಳು ಒಂದರ ಕೆಳಗೊಂದು ಬಂದಾಗ ನನ್ನ ಕಣ್ಣು ತುಂಬಿತು.

"ಎದ್ದಿದೆ ಅಂತ ನಂಬಬೇಡಿ ಮೇಡಂ" ಎಂದರು ಅವರು. "ಡಿಸ್ಕಲ್ಲಿ ಜಾಗ ಇರ್ಲಿಲ್ಲ. ಕೊನೇಲಿ ಹಾಕಿದ್ದು ಪಕ್ಕಾ ಪುಸ್ತಕಕ್ಕೆ ಇಳಿದಿರಲ್ಲ, ಹೋಗಿರುತ್ತೆ. ಪೇಪರ್ ಜೊತೆ ತಾಳೆ ನೋಡಿ, ಆಮೇಲೆ ಗುಳಿಗೆ ಕೊಡಿ."

ಪೇಪರು ಹಿತ್ತಲಿನಲ್ಲಿ ಬೂದಿಯಾಗಿತ್ತು. ಹೂಂ ಎಂದು ಫೋನ್ ಇಟ್ಟೆ.

"ಬಂತಾ?" ಔಷಧಿಯವರು ಕೇಳಿದರು.

"ಬಂತು ಅಣ್ಣ."

ಆ ಎರಡು ಪದಕ್ಕೆ ವರಾಂಡದ ಜನ ಎಲ್ಲ ಎದ್ದು ನಿಂತರು. ಔಷಧಿಯವರು ತಮ್ಮ ಕಡೆಯ ಪರದೆ ನೋಡಿಕೊಂಡು ಟೋಕನ್ ಕರೆಯತೊಡಗಿದರು. ನಾನು ಹಬ್ಬದ ದಿನ ಹತ್ತಿಸಿದ್ದರಲ್ಲಿ ಚೆನ್ನಾಗಿ ನೆನಪಿದ್ದ ಒಂದು ಹೆಸರನ್ನು ತೆಗೆದು ನೋಡಿದೆ. ಹಾರನಹಳ್ಳಿಯ ಒಬ್ಬ ಮೇಷ್ಟ್ರು, ಅವರ ಗುಳಿಗೆಯನ್ನು ಡಾಕ್ಟರು ಒಂದರಿಂದ ಒಂದೂವರೆಗೆ ಏರಿಸಿದ್ದರು. ಪರದೆಯಲ್ಲಿ ಒಂದು ಎಂದೇ ಇತ್ತು. ಹದಿನಾಲ್ಕೂ ಹೋಗಿವೆ ಎಂದು ಆಗಲೇ ಖಾತ್ರಿಯಾಯಿತು.

ಆಗ ಎದ್ದು ನಿಂತು, ಕಿಟಕಿ ಮುಚ್ಚಿ, ತಪ್ಪಾಗಿದೆ ಎನ್ನಬೇಕಿತ್ತು. ಅನ್ನಲಿಲ್ಲ. ಹದಿನಾಲ್ಕು ಹೆಸರು ನೆನಪಿಸಿಕೊಂಡರೆ ಯಾರಿಗೂ ತಿಳಿಯದಂತೆ ಸರಿಮಾಡಿಬಿಡಬಹುದು ಎಂದು ಲೆಕ್ಕ ಹಾಕಿದೆ. ಒಂದು ಹಾಳೆ ತೆಗೆದು ಬರೆಯುತ್ತ ಹೋದೆ. ಎಂಟು ಬಂದವು, ಒಂಬತ್ತು ಬಂದವು.  ಒಂದೊಂದು ಟೋಕನ್ ಕರೆದಾಗಲೂ ಇವರಲ್ಲದಿರಲಿ ದೇವರೇ ಎಂದುಕೊಳ್ಳುತ್ತಿದ್ದೆ. ಮೇಡಂ ಅನ್ನಿಸಿಕೊಳ್ಳುವ ಆಸೆ ಇಷ್ಟು ದೊಡ್ಡದು ಎಂದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಂಬತ್ತನೆಯ ಟೋಕನ್ನಿಗೆ ಒಬ್ಬ ಹೆಂಗಸು ಬಂದರು. ವೀರನಹೊಸಹಳ್ಳಿಯ ಹತ್ತಿರದವರು, ಐವತ್ತು ದಾಟಿದವರು, ಒಬ್ಬರೇ ಬಂದಿದ್ದರು. ಗುಳಿಗೆಯ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿ ಕಿಟಕಿ ಬಿಟ್ಟು ನನ್ನ ಮೇಜಿನ ಹತ್ತಿರ ಬಂದರು.

"ಅವ್ವಾ, ಓದ್ಸಲ ಗುಲಾಬಿ ಬಣ್ಣದ್ದು ಕೊಟ್ಟಿದ್ರು. ಇದು ಬಿಳೀದು. ಮದ್ಲು ತಗತಿದ್ನಲ್ಲ, ಅದ್ರಂಗೇ ಅದೆ. ನೋಡವ್ವ ವಸಿ."

ನಾನು ಪರದೆ ನೋಡಿದೆ. ಬಿಳಿ ಗುಳಿಗೆಯ ಹೆಸರೇ ಇತ್ತು. ಅದು ಹಳೆಯದಿರಬಹುದು ಎಂಬ ಅನುಮಾನ ನನಗೆ ಬಂತೇ? ಬಂತು. ಅದನ್ನು ಬಾಯಿಬಿಟ್ಟು ಹೇಳಬೇಕಾದರೆ ಮಿಕ್ಕಿದ್ದನ್ನೂ ಹೇಳಬೇಕಾಗಿತ್ತು.

"ಕಂಪ್ಯೂಟರಿನಲ್ಲಿ ಇದೇ ಇದೆ ಅಮ್ಮ. ಸರಿಯಾಗಿದೆ, ತಗೊಳ್ಳಿ" ಎಂದೆ.

ಅವರು ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಗಂಟು ಹಾಕುವಾಗ ಮೊಣಕೈಯ ಹತ್ತಿರ ಚರ್ಮ ಸುಲಿದು ಕಪ್ಪಗಾಗಿದ್ದ ಕಲೆಗಳು ಕಂಡವು. ಅವರು ಹೋದರು. ಇನ್ನೆರಡು ಟೋಕನ್ ಕರೆಯುವವರೆಗೂ ಆ ಕಲೆಗಳು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಆ ಚೀಟಿಯ ಅಕ್ಷರವೇ ಕಣ್ಣಿಗೆ ಕಟ್ಟಿತು. ಬಿಳಿಯದು ಮೈಗೆ ಆಗುತ್ತಿಲ್ಲ, ಮೈಯೆಲ್ಲ ಬೊಬ್ಬೆ, ಇನ್ನೆಂದೂ ಕೊಡಬಾರದು ಎಂದು ಡಾಕ್ಟರು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ನಾನು ಎದ್ದು ಹೋಗಿ ಔಷಧಿಯವರ ಕೈ ಹಿಡಿದುಕೊಂಡೆ. ಫೋಲ್ಡರು, ಚೀಟಿ, ಫೋನಿನಲ್ಲಿ ಹೇಳಿದ ಸುಳ್ಳು, ಎಲ್ಲ ನಿಂತ ನಿಲುವಿನಲ್ಲೇ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಕಿಟಕಿಯ ಬಾಗಿಲು ಎಳೆದುಕೊಂಡರು.

"ಮಾಡ್ದೋಳು ನೀನು, ಉಣ್ಣೋರು ಅವ್ರು" ಎಂದರು. "ನಡಿ, ಬಸ್ಟ್ಯಾಂಡಿಗೆ ಓಡು. ಇಲ್ಲಿ ನಾನು ನೋಡ್ಕತೀನಿ. ಇನ್ಮೇಲೆ ಒಬ್ಬೊಬ್ರುನ್ನೂ ಬಾಯಲ್ಲಿ ಕೇಳೇ ಕೊಡ್ತೀನಿ."

ಬಸ್ಸು ಹೋಗಿಯಾಗಿತ್ತು. ಪರದೆಯಲ್ಲಿದ್ದ ನಂಬರು ಆ ಹೆಂಗಸಿನ ಮೈದುನನದು, ಅದು ಕಾಡಂಚಿನಲ್ಲಿ ಸಿಗುತ್ತಿರಲಿಲ್ಲ. ಸ್ಕೂಟರನ್ನು ನಾಗರಹೊಳೆಯ ದಾರಿಗೆ ತಿರುಗಿಸಿದೆ. ಎರಡೂ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಹೊಗೆ. ಆನೆ ಬರುವ ದಾರಿ, ಬೇರೆ ದಿನವಾಗಿದ್ದರೆ ಒಬ್ಬಳೇ ಹೋಗುವ ಧೈರ್ಯ ನನಗಿರಲಿಲ್ಲ. ಅಂದು ಆನೆಯ ನೆನಪೂ ಆಗಲಿಲ್ಲ. ಮಧ್ಯಾಹ್ನದ ಊಟ ಆದ ಮೇಲೆ ನುಂಗುವ ಗುಳಿಗೆ ಅದು, ಇನ್ನೂ ಊಟ ಆಗಿರಲಾರದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಕೇಳಿಕೊಂಡು ಹೋದಾಗ ಅವರು ಮನೆಯ ಮುಂದಿನ ಚಪ್ಪರದಲ್ಲಿ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿದು, ಬಾರವ್ವ ಎಂದು ಗೋಣಿ ಹಾಸಲು ಎದ್ದರು.

"ಅಮ್ಮಾ, ಆ ಗುಳಿಗೆ ತಗೊಂಡ್ರಾ?"

"ಊಂ ಕಣವ್ವ. ಬಸ್ಟ್ಯಾಂಡಲ್ಲೇ ಟೀ ಕುಡ್ದು ನುಂಗ್ದೆ. ನೆನ್ನೆಯಿಂದ ಇರ್ನಿಲ್ವಲ್ಲ, ಎಲ್ಲಿ ಬಿದ್ದೋಯ್ತೀನೋ ಅಂತ ಭಯ ಆಯ್ತು."

 ಹೇಳಿದೆ. ಎಷ್ಟು ಅರ್ಥವಾಗುವಂತೆ ಹೇಳಿದೆನೋ ತಿಳಿಯದು. ಅದು ನಿಮ್ಮ ಗುಳಿಗೆಯಲ್ಲ, ನನ್ನಿಂದ ತಪ್ಪಾಯಿತು, ಈಗಲೇ ಆಸ್ಪತ್ರೆಗೆ ಬನ್ನಿ ಎಂದೆ. ಅವರು ಸೊಪ್ಪಿನ ಅಂಟು ಮೆತ್ತಿದ ಕೈಯನ್ನು ನೋಡಿಕೊಂಡರು.

"ನಂಗೊತ್ತಿತ್ತು ಕಣವ್ವ, ಇದಲ್ಲ ಅಂತ" ಎಂದರು. "ಮೈ ಸುಟ್ಟೋಳ್ಗೆ ಗೊತ್ತಾಗಕಿಲ್ವಾ? ನೀನು ಮಿಸನ್ ನೋಡಿ ಸರಿ ಅದೆ ಅಂದ್ಯಲ್ಲ. ಓದ್ದೋಳು ಯೋಳ್ದ ಮ್ಯಾಲೆ ನಂದೇನು ಅಂತ ನುಂಗ್ದೆ."

ಊರಿನಲ್ಲಿದ್ದ ಒಂದೇ ಆಟೋ ಸೊಪ್ಪು ಹೇರಿಕೊಂಡು ಹೋಗಿತ್ತು. ಸ್ಕೂಟರಿನ ಹಿಂದೆ ಕೂರಿಸಿಕೊಂಡು, ದಾರಿಯಲ್ಲಿ ಫಿಟ್ಸ್ ಬಂದು ಬಿದ್ದರೆ ಎಂದು ನನ್ನ ದುಪ್ಪಟ್ಟಾದಿಂದ ಅವರ ಸೊಂಟವನ್ನು ನನ್ನ ಸೊಂಟಕ್ಕೆ ಸೇರಿಸಿ ಕಟ್ಟಿದೆ. ಬಿದ್ದರೆ ಇಬ್ಬರೂ ಬೀಳುತ್ತಿದ್ದೆವು. ಅವರ ಗಲ್ಲ ನನ್ನ ಬೆನ್ನಿಗೆ ತಾಗುತ್ತಿತ್ತು. ಮೈಲಿಗೊಂದು ಸಲ ಮೈ ಕಡಿಯುತ್ತದಾ, ಉಸಿರು ಸರಿ ಇದೆಯಾ ಎಂದು ಕೇಳುತ್ತಿದ್ದೆ. ಇಲ್ಲ ಎನ್ನುತ್ತಿದ್ದರು. ಅರ್ಧ ದಾರಿಗೆ ಬಂದಾಗ, "ತುಟಿ ಯಾಕೋ ದಪ್ಪ ಆದಂಗಾಯ್ತದೆ" ಎಂದರು. ಆಮೇಲೆ ನಾನು ಕೇಳಲಿಲ್ಲ. ಬೆನ್ನಿಗೆ ತಾಗುತ್ತಿದ್ದ ಅವರ ಉಸಿರನ್ನೇ ಎಣಿಸುತ್ತ ಗಾಡಿ ಓಡಿಸಿದೆ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಒಂದೇ ಗುಳಿಗೆ ಆದ್ದರಿಂದ ಬಚಾವು, ದಿನಾ ನುಂಗಿದ್ದರೆ ಜೀವಕ್ಕೇ ಬರುತ್ತಿತ್ತು ಎಂದರು. ಔಷಧಿಯವರು ಅಷ್ಟರಲ್ಲಿ ಮಿಕ್ಕವರನ್ನೆಲ್ಲ ಕೂರಿಸಿಕೊಂಡು, ಹಳೆಯ ಗುಳಿಗೆಯ ಬಣ್ಣ, ಆಕಾರ, ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು ಎಂದು ಬಾಯಲ್ಲಿ ಕೇಳಿ ಕಾಗದದಲ್ಲಿ ಬರೆದಿದ್ದರು. ಮೊದಲೇ ಪಡೆದು ಹೋದವರಿಗೂ ಫೋನ್ ಮಾಡಿದ್ದರು. ನಾನು ಕಳೆದುಹಾಕಿದ್ದ ಮಿಕ್ಕ ಹದಿಮೂರೂ ಆ ಜನರ ಬಾಯಲ್ಲೇ ಇದ್ದವು, ಎರಡು ದಿನದಲ್ಲಿ ಒಂದೊಂದಾಗಿ ಸಿಕ್ಕವು. ಆಡಳಿತದವರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟೆ. ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಹಗುರಾಗುತ್ತಿತ್ತೇನೋ ಎಂದು ಆಗಾಗ ಅನ್ನಿಸುತ್ತದೆ.

ಆ ಎರಡು ದಿನ ಆ ತಾಯಿಯ ಮಂಚದ ಪಕ್ಕದಲ್ಲೇ ಹೆಚ್ಚು ಹೊತ್ತು ಕೂತಿರುತ್ತಿದ್ದೆ. ತುಟಿಯ ಊತ ಇಳಿಯಿತೇ, ತೋಳಿನಲ್ಲಿ ಹೊಸ ಬೊಬ್ಬೆ ಎದ್ದಿತೇ ಎಂದು ಗಳಿಗೆಗೊಮ್ಮೆ ನೋಡುತ್ತಿದ್ದೆ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಉಂಡೆಯಾ ಎಂದು ಕೇಳುತ್ತಿದ್ದರು, ತಮಗೆ ತಂದ ಬ್ರೆಡ್ಡಿನಲ್ಲಿ ನನಗೂ ಮುರಿದು ಕೊಡುತ್ತಿದ್ದರು. ಕ್ಷಮಿಸಿದ್ದಾರೆ ಎಂದುಕೊಂಡೆ, ಇಂದಿಗೂ ಹಾಗೆಯೇ ಅಂದುಕೊಂಡಿದ್ದೇನೆ.

ಮೂರನೆಯ ದಿನ ಮನೆಗೆ ಕಳಿಸಿದರು. ಗುಲಾಬಿ ಗುಳಿಗೆಗಳನ್ನು ನಾನೇ ಎಣಿಸಿ, ಪೊಟ್ಟಣದ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದು, ಬೆಳಿಗ್ಗೆಯದು ಇದು, ರಾತ್ರಿಯದು ಇದು ಎಂದು ಹೇಳಿ ಅವರ ಅಂಗೈಗೆ ಇಟ್ಟೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು, ಸರಿ ಕಣವ್ವ ಎಂದರು. ಆಮೇಲೆ ಪೊಟ್ಟಣವನ್ನು ಹಿಡಿದುಕೊಂಡು ನನ್ನ ಮೇಜನ್ನು ದಾಟಿ ಕಿಟಕಿಯ ಹತ್ತಿರ ಹೋಗಿ ಔಷಧಿಯವರಿಗೆ ತೋರಿಸಿದರು.

"ನೀವು ಒಂದ್ಸಲ ನೋಡಿ ಯೋಳಿ ಸ್ವಾಮಿ" ಎಂದರು.